ಅತ್ತೆಗೆ ಓದಿ ಹೇಳಿದ ಧಾರಾವಾಹಿ

ಟೀವಿ ಮುಂದೆ ಬಾಯಿ ಮುಚ್ಚಿಕೊಂಡು ಕೂರುವುದು ಆ ಮನೆಯ ಅಳಿಯನಿಗೆ ಜನ್ಮದಲ್ಲಿ ಸಾಧ್ಯವಾಗದ ಕೆಲಸ. ವೃತ್ತಿಯಿಂದ ಲಿಫ್ಟ್ ಮೆಕ್ಯಾನಿಕ್, ಪ್ರವೃತ್ತಿಯಿಂದ ವಿಮರ್ಶಕ. ನಾಯಕ ನಾಯಕಿ ಲಿಫ್ಟಿನಲ್ಲಿ ಸಿಕ್ಕಿಕೊಂಡು ಪ್ರೀತಿಸತೊಡಗಿದರೆ ಇವನಿಗೆ ಮೈಯೆಲ್ಲ ಉರಿ. “ಅಲ್ಲೇ ಬೆಲ್ ಇದೆಯಲ್ಲ, ಒತ್ತೋಕೇನು ಧಾಡಿ?” ಎಂದು ಗೊಣಗುವನು. ಗುಂಡೇಟು ತಿಂದ ಖಳನಾಯಕ ಭಾಷಣ ಬಿಗಿದರೆ, “ಇಷ್ಟು ದಮ್ಮಿದ್ದೋನು ಸಾಯೋದ್ಯಾಕೆ?” ಎನ್ನುವನು. (ಪ್ರಶ್ನೆ ನ್ಯಾಯವಾದದ್ದೇ. ಆದರೆ ಪಕ್ಕದಲ್ಲಿ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿರುವಾಗ ಕೇಳುವಂಥದ್ದಲ್ಲ.)

ಇಂಥ ಮಹಾಶಯನ ಕೊರಳಿಗೆ ಒಂದು ದಿನ ಅತ್ತೆಯ ಧಾರಾವಾಹಿ ಬಂದು ಬಿತ್ತು.

ಅತ್ತೆ ಎಂದರೆ ಹೆಂಡತಿಯ ತಾಯಿ. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ಮಾತು ಕಡಿಮೆ, ಅಳಿಯನೊಡನೆಯಂತೂ ಇಲ್ಲವೇ ಇಲ್ಲ. “ನಿನ್ನ ಗಂಡನಿಗೆ ಫ್ಯಾನ್ ಆರಿಸೋಕೆ ಹೇಳು” ಎಂದು ಮಗಳನ್ನು ಕರೆದು ಹೇಳುವರು. ಆ ಗಂಡ ಎಂಬ ಪ್ರಾಣಿ ಎದುರಿಗೇ, ಅದೇ ಫ್ಯಾನಿನ ಕೆಳಗೇ ಕೂತಿರುತ್ತಿತ್ತು. ಮಗಳಿಗೆ ಇನ್ನೂ ಒಳ್ಳೆಯ ಗಂಡು ಸಿಗಬಹುದಿತ್ತು ಎಂಬ ಅಭಿಪ್ರಾಯವನ್ನು ಅವರು ಮದುವೆಯ ದಿನವೇ ತಾಳಿದ್ದರು. ಆಮೇಲೆ ಅದಕ್ಕೆ ಯಾವ ತಿದ್ದುಪಡಿಯೂ ಆಗಿರಲಿಲ್ಲ. ಅಳಿಯ ಇದನ್ನು ನಗುತ್ತಲೇ ಹೇಳಿಕೊಂಡು ತಿರುಗಿದರೂ ಒಳಗೊಳಗೇ ಅವನಿಗೆ ನೋವಿತ್ತು.

ಅತ್ತೆಗೆ ಒಂದು ಪರದೇಶದ ಧಾರಾವಾಹಿಯ ಗೀಳು. ಅದರ ಭಾಷೆ ಮನೆಯಲ್ಲಿ ಯಾರಿಗೂ ಬಾರದು. ಪರದೆಯ ಕೆಳಗೆ ಓಡುವ ಕನ್ನಡ ಅಕ್ಷರಗಳೇ ಗತಿ. ಅಷ್ಟರಲ್ಲಿ ಅವರ ಕಣ್ಣಿಗೆ ಪೊರೆ ಬಂದು ಅಕ್ಷರಗಳೆಲ್ಲ ಇರುವೆ ಸಾಲಾದವು. ಆಪರೇಷನ್ನಿಗೆ ಇನ್ನೂ ಕೆಲವು ತಿಂಗಳು ಕಾಯಬೇಕೆಂದು ಡಾಕ್ಟರು ಹೇಳಿದರು. ಮಗಳು ಶಾಲೆಯ ಟೀಚರು, ಸಂಜೆಯಾದರೆ ಉತ್ತರಪತ್ರಿಕೆಗಳ ಗುಡ್ಡೆ. “ಯಾರಾದ್ರೂ ಓದಿ ಹೇಳೋರಿದ್ರೆ...” ಎಂದು ಅತ್ತೆ ಗೋಡೆಯನ್ನು ನೋಡಿ ಹೇಳಿದರು. ಮಗಳು ಕೆಂಪು ಪೆನ್ನಿನಲ್ಲಿ ಗಂಡನತ್ತ ತೋರಿಸಿದಳು.

ಬೇಕರಿ ನಡೆಸುವ ಒಬ್ಬ ವಿಧವೆ, ಅವಳನ್ನು ಕಾಡುವ ಮೈದುನ, ಇದೇ ಕಥೆ. “ಬೀಗದಕೈ ಎಲ್ಲಿ?” ಎಂದು ಅವನು, “ಕೊಡೋದಿಲ್ಲ” ಎಂದು ಇವಳು. ಅಳಿಯ ಮೊದಮೊದಲು ಸತ್ಯಸಂಧನಾಗಿ ಓದಿದ. ಬೀಗದಕೈ ಸಿಗಲಿಲ್ಲ. ಹೀಗೇ ಬಿಟ್ಟರೆ ತನ್ನ ಆಯುಸ್ಸೆಲ್ಲ ಇದರಲ್ಲೇ ಸವೆಯುತ್ತದೆಂದು ಹೊಳೆದ ಒಂದು ಸಂಜೆ, ಮೈದುನ ಮತ್ತೆ ಬಾಯಿ ತೆರೆದಾಗ, “ಅತ್ತಿಗೆ, ನನ್ನದು ತಪ್ಪಾಯಿತು, ಕ್ಷಮಿಸಿ” ಎಂದು ಓದಿಬಿಟ್ಟ.

ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಕ್ಷಮೆ ಕೇಳಿದ್ನಾ?”

ಕೇಳಿದ್ದು ಮಗಳನ್ನಲ್ಲ, ಗೋಡೆಯನ್ನೂ ಅಲ್ಲ, ಸಾಕ್ಷಾತ್ ಅವನನ್ನು. ಅಳಿಯನಿಗೆ ರೋಮಾಂಚನವಾಯಿತು.

ಆಮೇಲೆ ಅವನನ್ನು ಹಿಡಿಯುವವರುಂಟೇ? ಹಿಟ್ಟಿನ ಮೂಟೆ ಹೊತ್ತು ಹಿಂದೆ ಹಾದುಹೋಗುತ್ತಿದ್ದ ಬಡಪಾಯಿ ನಟನೊಬ್ಬ ಲಿಫ್ಟ್ ಮೆಕ್ಯಾನಿಕ್ ಆದ. ಬಲು ಒಳ್ಳೆಯ ಮನುಷ್ಯ, ಕೈಗುಣವಂತ, ಆದರೆ ಮನೆಯಲ್ಲಿ ಅತ್ತೆ ಅವನನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಗಲ್ಲಾ ಪೆಟ್ಟಿಗೆಯ ಹಿಂದೆ ಕೂರುವ ಮುದುಕಿಯೇ ಆ ಅತ್ತೆ. (ಅವಳು ನಿಜಕ್ಕೂ ಯಾರೋ, ಆ ದೇಶದವರಿಗೇ ಗೊತ್ತು.) “ಪಾಪ, ಅವನಿಗೆ ಊಟ ಹಾಕಿದ್ಳಾ ಇಲ್ವಾ?” ಎಂದು ನಮ್ಮ ಅತ್ತೆ ಮರುಗಿದರು. ಸಂಜೆ ಅಳಿಯನ ಚಪ್ಪಲಿ ಸದ್ದಾದರೆ “ಬಂದ್ರಾ? ಕೈಕಾಲು ತೊಳ್ಕೊಂಡು ಬನ್ನಿ, ಶುರುವಾಗುತ್ತೆ” ಎನ್ನತೊಡಗಿದರು. ಆ “ಬಂದ್ರಾ”ಗಾಗಿ ಅವನು ದಾರಿಯಲ್ಲಿ ಚಹಾಕ್ಕೂ ನಿಲ್ಲದೆ ಮನೆಗೆ ಓಡಿಬರುತ್ತಿದ್ದ.

“ಏನ್ರೀ ಇದು, ಅಲ್ಲಿ ಬರೆದಿರೋದೇ ಒಂದು, ನೀವು ಓದೋದೇ ಒಂದು” ಎಂದು ಹೆಂಡತಿ ಅಡುಗೆಮನೆಯಲ್ಲಿ ಹಿಡಿದುಕೊಂಡಳು.

“ರಿಪೇರಿ ಮಾಡ್ತಿದೀನಿ. ಕೆಟ್ಟು ನಿಂತಿತ್ತು.”

“ಕಣ್ಣು ಬಂದ್ಮೇಲೆ ಅಮ್ಮ ತಾನೇ ಓದ್ತಾಳೆ. ಆಗೇನ್ಮಾಡ್ತೀರಿ?”

ಅಳಿಯ ಇದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇಷ್ಟು ದಿನ ಮೋಸ ಮಾಡಿದನೆಂದು ಗೊತ್ತಾದರೆ ಅತ್ತೆ ಮತ್ತೆ ಗೋಡೆಯೊಡನೆ ಮಾತಾಡುವುದು ಖಂಡಿತ. ಆಪರೇಷನ್ನಿನ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವನು ಮನಸಾರೆ ಪ್ರಾರ್ಥಿಸಿದ: ಅತ್ತೆಗೆ ಕಣ್ಣು ಚೆನ್ನಾಗಿ ಬರಲಿ, ಲೋಕವೆಲ್ಲ ಕಾಣಲಿ, ಪರದೆಯ ಕೆಳಭಾಗ ಒಂದು ಬಿಟ್ಟು.

ಪ್ರಾರ್ಥನೆಯ ಮೊದಲರ್ಧ ಮಾತ್ರ ಫಲಿಸಿತು. ಡಾಕ್ಟರು ಟೀವಿ ನೋಡಬಹುದೆಂದ ಸಂಜೆ ಅತ್ತೆ ಹೊಸ ಕನ್ನಡಕ ಏರಿಸಿ ಕೂತರು. ಅಳಿಯ ಬಾಗಿಲ ಹತ್ತಿರದ ಕುರ್ಚಿ ಆರಿಸಿಕೊಂಡ. ಮೈದುನ ಬಂದ, ಮೇಜು ಗುದ್ದಿದ.

“ಬೀ-ಗ-ದ-ಕೈ ಎಲ್ಲಿ” ಎಂದು ಅತ್ತೆ ಅಕ್ಷರ ಕೂಡಿಸಿ ಓದಿದರು. ವಿಧವೆ ಬಾಯಿ ತೆರೆದಳು. “ಕೊಡೋದಿಲ್ಲ.”

ಕಂತನ್ನು ಹೀಗೇ ಕೊನೆಯವರೆಗೂ ಓದಿದರು. ಆಮೇಲೆ ರಿಮೋಟ್ ಎತ್ತಿ ಟೀವಿ ಆರಿಸಿದರು. ಮಗಳು ಪೆನ್ನು ಕೆಳಗಿಟ್ಟಳು. ಅಳಿಯ ಮೆಲ್ಲಗೆ ಎದ್ದ.

“ಎಲ್ಲಿಗೆ? ಕೂತ್ಕೊಳ್ಳಿ” ಎಂದರು ಅತ್ತೆ. “ನನ್ನ ಕಣ್ಣು ಮಂಜಾಗಿತ್ತು, ಕಿವಿ ನೆಟ್ಟಗೇ ಇತ್ತು. ಅವನು ಗಂಟಲು ಹರ್ಕೊಂಡು ಕಿರುಚ್ತಿದ್ರೆ ನೀವು ಕ್ಷಮಿಸಿ ಅಂತ ಓದ್ತಿದ್ರಿ. ಯಾವ ದೇಶದಲ್ಲಾದ್ರೂ ಬೇಕರಿಗೆ ದಿನಾ ಲಿಫ್ಟ್ ಮೆಕ್ಯಾನಿಕ್ ಬರ್ತಾನಾ? ಅದೂ ಮಹಡಿಯೇ ಇಲ್ಲದ ಬೇಕರಿಗೆ?”

ಮಹಡಿಯ ವಿಷಯ ಅಳಿಯನಿಗೆ ಹೊಳೆದೇ ಇರಲಿಲ್ಲ. “ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?” ಎಂದು ತೊದಲಿದ.

“ಈ ಬೀಗದಕೈ ಗೋಳು ಯಾರಿಗೆ ಬೇಕು? ನಿಮ್ಮದೇ ವಾಸಿ” ಎಂದು ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅಳಿಯನ ಮುಖವನ್ನು ಮಾತ್ರ ನೋಡಲಿಲ್ಲ. “ಅದಿರ್ಲಿ, ಆ ಲಿಫ್ಟಿನವನ ಅತ್ತೆ ಮುಂದೇನು ಮಾಡಿದ್ಳು?”

ಅವನು ಮತ್ತೆ ಕೂತ. ಇಷ್ಟು ವರ್ಷ ಕಾದಿದ್ದ ಘಳಿಗೆ ಬಂದೇಬಿಟ್ಟಿತೆಂದು ಹಿಗ್ಗಿ, ಇರುವ ಆಸೆಯನ್ನೆಲ್ಲ ಒಂದೇ ಉಸಿರಿಗೆ ಸುರಿದ. “ಅವಳು ಒಂದು ದಿನ ಎಲ್ಲರ ಮುಂದೆ, ನನ್ನ ಅಳಿಯ ಚಿನ್ನದಂಥೋನು, ನನ್ನ ಮಗಳಿಗೆ ಇವನಿಗಿಂತ ಒಳ್ಳೆ ಗಂಡು ಸಿಗ್ತಿರಲಿಲ್ಲ ಅಂತ ಒಪ್ಕೊಂಡ್ಳು.”

ಅತ್ತೆ ಮುಖ ಸಿಂಡರಿಸಿದರು. “ಛೆ, ನಂಬೋ ಹಾಗಿಲ್ಲ. ಅಷ್ಟು ಬೇಗ ಒಪ್ಪಿಸಿಬಿಟ್ರೆ ಕಥೆ ಮುಗಿದೇ ಹೋಯ್ತಲ್ಲ. ನಾಳೆ ಸಂಜೆ ನಾನೇನು ಕೇಳ್ಲಿ? ಇನ್ನೂ ಸ್ವಲ್ಪ ಎಳೀರಿ.”

ಹೆಂಡತಿ ಉತ್ತರಪತ್ರಿಕೆಯಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು. ಅಳಿಯ ಕುರ್ಚಿಯನ್ನು ಅತ್ತೆಯ ಪಕ್ಕಕ್ಕೆ ಎಳೆದುಕೊಂಡ. ಆ ಬೇಕರಿಯ ಮೇಲೆ ನಿಂತ ನಿಲುವಿನಲ್ಲೇ ಎರಡು ಮಹಡಿ ಕಟ್ಟಿಸಿದ. ಗಲ್ಲಾದ ಮುದುಕಿಯನ್ನು ಲಿಫ್ಟಿಗೆ ಹತ್ತಿಸಿ, ಆ ಎರಡರ ನಡುವೆ ಅದನ್ನು ಕೆಡಿಸಿ ನಿಲ್ಲಿಸಿದ.