ಕಲ್ಲಗೇರಿಯ ತೊಂಬತ್ತೆಂಟನೇ ಕೀರ್ತನೆಯ ಕದನ

ದಾವೀದರಾಜನ ಕಿನ್ನರಿಯೇ, ಒಮ್ಮೆ ಮಿಡಿ! ಯೆರಿಕೋವಿನ ಗೋಡೆಯನ್ನು ಕೆಡವಿದ ಕೊಂಬುಗಳೇ, ಒಮ್ಮೆ ಮೊಳಗಿರಿ! ಒಂದೇ ರೊಟ್ಟಿಯಲ್ಲಿ ಪಾಲು ಪಡೆಯುವ, ಒಂದೇ ಗೋರಿಗುಡ್ಡದಲ್ಲಿ ಮಲಗಲಿರುವ ಕಲ್ಲಗೇರಿಯ ಸಭೆಯವರು ಎರಡು ಹಾಡಿನ ಪುಸ್ತಕಗಳಿಗಾಗಿ ಸೆಣಸಿದ ಮಹಾಯುಗವನ್ನೂ, ಆ ಸೆಣಸಾಟದ ನಡುವೆ ಹಾರ್ಮೋನಿಯಂ ಮುಂದಿಟ್ಟುಕೊಂಡು ಕುಳಿತ ಕೃಪಾವತಿಯನ್ನೂ ನಾವೀಗ ಕೀರ್ತಿಸಬೇಕಾಗಿದೆ.

ಬಲಗಡೆಯ ಬೆಂಚುಗಳಲ್ಲಿ ಕರಿ ರಟ್ಟಿನ ಹಳೆಯ ಪುಸ್ತಕದ ಪಡೆ. ಅದರ ದಂಡನಾಯಕ ಕೃಪಾವತಿಯ ಗಂಡ, ಮೇಘಗಂಭೀರಕಂಠ, ಶ್ವೇತಶ್ಮಶ್ರುಮಂಡಿತವದನ ದೇವದಾನಪ್ಪ. ಎಡಗಡೆ ನೀಲಿ ರಟ್ಟಿನ ಹೊಸ ಪುಸ್ತಕದ ಪಡೆ. ಅದರ ದಳಪತಿ ಇಸ್ತ್ರಿಗೆರೆವಿರಾಜಿತಧವಳವಸ್ತ್ರಧಾರಿ ಸತ್ಯದಾಸ. ಇವನ ಹೆಂಡತಿ ಎಸ್ತೇರವ್ವ. ಲಕ್ವ ಹೊಡೆದಂದಿನಿಂದ ಕೃಪಾವತಿಯ ಎಡಗೈ ಮಾತು ಕೇಳದು. ಆದ್ದರಿಂದ ಶತ್ರುಪಾಳೆಯದ ಎಸ್ತೇರವ್ವನೇ ಪಕ್ಕದಲ್ಲಿ ಕುಳಿತು ಹಾರ್ಮೋನಿಯಂಗೆ ಗಾಳಿ ಹಾಕುತ್ತಿದ್ದಳು. ಬೆರಳು ಒಬ್ಬಳದು, ಉಸಿರು ಇನ್ನೊಬ್ಬಳದು.

ಅಂದು ಐಕ್ಯತಾ ಭಾನುವಾರ. ಜಿಲ್ಲಾ ಮೇಲ್ವಿಚಾರಕರು ಸ್ವತಃ ಬಂದು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಇವತ್ತೂ ಜಗಳವಾದರೆ ಕರಿಯವರಿಗೆ ಎಂಟಕ್ಕೆ, ನೀಲಿಯವರಿಗೆ ಹತ್ತಕ್ಕೆ ಬೇರೆ ಬೇರೆ ಆರಾಧನೆ ಎಂಬುದು ಅವರ ಕಟ್ಟಾಜ್ಞೆ. ಹಾಗಾದರೆ ಎಂಟು ಗಂಟೆಗೆ ತನ್ನ ಪಕ್ಕದಲ್ಲಿ ಯಾರು ಕೂಡುತ್ತಾರೆ? ಕೃಪಾವತಿಗೆ ವಾರವಿಡೀ ಊಟ ಸೇರಿರಲಿಲ್ಲ.

ಗಂಟೆ ಹೊಡೆಯುವ ಮುನ್ನವೇ ಅಂಗಳದಲ್ಲಿ ವೀರವಚನಗಳು ಸಿಡಿದವು.

“ನಮ್ಮಜ್ಜ ಈ ಕರಿ ಪುಸ್ತಕ ಎದಿ ಮ್ಯಾಲಿಟ್ಕೊಂಡು ಮಣ್ಣಿಗೆ ಹ್ವಾದಾಂವ!” ಎಂದು ದೇವದಾನಪ್ಪ ಗರ್ಜಿಸಿದ. “ನಾನೂ ಹಂಗ ಹೋಗಾಂವ!”

“ಹೋಗು ಮಾವಾ, ಯಾರ್ ಬ್ಯಾಡಂದ್ರು?” ಎಂದ ಸತ್ಯದಾಸ. “ಅದರಾಗಿನ ಅರ್ಧ ಹಾಡು ಗೆದ್ದಲ ತಿಂದೈತಿ. ಉಳಿದರ್ಧ ನೀ ಹಾಡೋವಾಗ ತಿಂತಿ!”

ಮೊದಲ ಹಾಡು ಕರಿಯದು, ಎರಡನೆಯದು ನೀಲಿಯದು ಎಂದು ಹಿರಿಯರು ಮೂರು ಸಭೆ ಕೂಡಿ ಒಪ್ಪಂದ ಮಾಡಿದ್ದರು. ಆದರೆ ವಿಧಿಯನ್ನು ಮೀರಿದವರಾರು! ಹೊಸದಾಗಿ ಬಂದಿದ್ದ ಸಭಾಪಾಲಕರು ಮೇಲ್ವಿಚಾರಕರ ಮುಖ ನೋಡಿದ್ದೇ ತಡ, ಗಡಿಬಿಡಿಯಲ್ಲಿ “ತೊಂಬತ್ತೆಂಟನೇ ಕೀರ್ತನೆ” ಎಂದಷ್ಟೇ ಸಾರಿ ಕುಳಿತುಬಿಟ್ಟರು. ಯಾವ ಪುಸ್ತಕದ್ದೆಂದು ಹೇಳಲೇ ಇಲ್ಲ.

ಕರಿಯ ತೊಂಬತ್ತೆಂಟು ಸುಗ್ಗಿಯ ಸ್ತೋತ್ರ, ಆರು ಚರಣ. ನೀಲಿಯ ತೊಂಬತ್ತೆಂಟು ಶವಸಂಸ್ಕಾರದ ಹಾಡು, ಮೂರು ಚರಣ.

ಆಗ ನೋಡಿರಿ ಆ ರಣಘೋಷವನ್ನು! ಬಲಗಡೆಯಿಂದ ಜೋಳದ ತೆನೆಗಳು ನಾಗಾಲೋಟದಲ್ಲಿ ರಾಶಿಯಾಗುತ್ತಿದ್ದರೆ, ಎಡಗಡೆಯಿಂದ ಹೆಣವೊಂದು ಮಂದಗತಿಯಲ್ಲಿ, ಆದರೆ ಗಗನಭೇದಕಧ್ವನಿಯಲ್ಲಿ, ಗೋರಿಯತ್ತ ಸಾಗಿತು. ಹೆಂಚಿನ ಸಂದಿಯ ಪಾರಿವಾಳಗಳು ಊರನ್ನೇ ತೊರೆದವು. ಮೇಲ್ವಿಚಾರಕರು ಜೇಬಿನಿಂದ ಪೆನ್ನು ತೆಗೆದರು.

ಕೃಪಾವತಿ ಆ ಪೆನ್ನನ್ನು ಕಂಡಳು.

“ಯಾವುದ ಬಾರಸ್ತಿ, ಯಕ್ಕಾ?” ಎಸ್ತೇರವ್ವ ಪಿಸುಗುಟ್ಟಿದಳು. “ನಿನ್ನ ಗಂಡ ಕಣ್ಣ ಬಿಡಾಕತ್ತಾನ. ನನ್ನಾಂವನೂ ಹಂಗ.”

“ಎರಡೂ ಬ್ಯಾಡ. ನೀ ಗಾಳಿ ಹಾಕು, ನಿಲ್ಲಸಬ್ಯಾಡ.”

ಹಾಗೆಂದವಳೇ ಆ ಏಕಹಸ್ತೆ ವೀರಮಾತೆ ಹಾರ್ಮೋನಿಯಂನ ಒಂದೇ ಒಂದು ಬಿಳಿ ಸ್ವರಮನೆಯನ್ನು ಒತ್ತಿ ಹಿಡಿದಳು. ಬೆರಳು ಬೆಳ್ಳಗಾದರೂ ಬಿಡಲಿಲ್ಲ. ಎಸ್ತೇರವ್ವನ ಬೆವರು ತಿದಿಯ ಮೇಲೆ ತೊಟ್ಟಿಕ್ಕಿತು. ಆ ಒಂಟಿ ಸ್ವರ ಬಲಕ್ಕೂ ಒಲಿಯದೆ, ಎಡಕ್ಕೂ ವಾಲದೆ, ಎರಡು ಪಡೆಗಳ ಕಾಲಡಿಯಲ್ಲಿ ನೆಲದಂತೆ ಹರಡಿಕೊಂಡಿತು. ಹಾಡುವವರು ಅರಿವಿಲ್ಲದೆಯೇ ಅದರ ಮೇಲೆ ಕಾಲೂರಿದರು. ಆರು ಚರಣಗಳ ಓಟ, ಮೂರು ಚರಣಗಳ ನಡಿಗೆ ಎರಡೂ ಏದುಸಿರು ಬಿಡುತ್ತ ಒಂದೇ ಕ್ಷಣಕ್ಕೆ ತುದಿ ಮುಟ್ಟಿದವು. ಅಲ್ಲಿ ಎರಡೂ ಪುಸ್ತಕಗಳಲ್ಲಿ ಇದ್ದದ್ದು ಒಂದೇ ಪದ.

“ಆ...ಮೆನ್!”

ಇನ್ನೂರು ಕೊರಳು, ಒಂದೇ ಶ್ರುತಿ. ದೇವದಾನಪ್ಪ ಗಾಬರಿಯಿಂದ ಎಡಕ್ಕೆ ನೋಡಿದ, ಸತ್ಯದಾಸ ಬಲಕ್ಕೆ. ಮೇಲ್ವಿಚಾರಕರು ಪೆನ್ನಿಗೆ ಮುಚ್ಚಳ ಹಾಕಿದರು.

“ಕಡೀಕ ಕೂಡಿದ್ರಲ್ಲ, ಸಾಕು” ಎಂದರು. “ಎಂಟೂ ಬ್ಯಾಡ, ಹತ್ತೂ ಬ್ಯಾಡ. ಒಂಬತ್ತಕ್ಕ ಬರ್ರಿ, ಎಲ್ಲಾರೂ.”

ಎಸ್ತೇರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಯಕ್ಕಾ, ಇನ್ನರ ಬೆರಳ ತಗಿ. ನನ್ನ ಕೈ ಬಿದ್ದಹೋತು.”

ಹೀಗೆ ಮುಗಿದ ಮಹಾಸಮರದ ಕುರಿತು ಸಭೆಯ ನಡಾವಳಿ ಪುಸ್ತಕದಲ್ಲಿ ಇರುವುದು ಇಷ್ಟೇ: “ಇನ್ನು ಮುಂದೆ ನಂಬರಿನ ಬದಲು ಹಾಡಿನ ಮೊದಲ ಸಾಲು ಹೇಳತಕ್ಕದ್ದು. ಚಹಾಕ್ಕೆ ಸಕ್ಕರೆ ಕಡಿಮೆಯಾಗಿತ್ತು.”