ನಡುವೆ ನಿಲ್ಲದ ಹಸಿರು ಚುಕ್ಕಿ

ಒಂದು ಚುಕ್ಕಿಯನ್ನು ನಡುವೆ ನಿಲ್ಲಿಸುವುದಕ್ಕೆ ಸಂಬಳ ತೆಗೆದುಕೊಳ್ಳುವವನಿಗೆ ನಗೆಪಾಟಲಿನ ಬರ ಯಾವತ್ತೂ ಬರುವುದಿಲ್ಲ. ಒಂದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಆಗೆಲ್ಲ ನಗು ಬರುತ್ತಿರಲಿಲ್ಲ. ಸುಸ್ತಾಗುತ್ತಿತ್ತು ಅಷ್ಟೆ.

ಐವತ್ತರ ದಶಕದ ಮಾತು. ರಾಜಾಜಿನಗರದ ಅಂಚಿನಲ್ಲಿ, ರಾಗಿ ಹೊಲ ಶುರುವಾಗುವ ಕಡೆ, ಒಂದು ಹೆಂಚಿನ ಶೆಡ್ಡಿನಲ್ಲಿ ನಮ್ಮ ಯಂತ್ರವಿತ್ತು. ಉದ್ದನೆಯ ಕೊಳವೆ, ಒಳಗೆ ಗಾಳಿ ಇಲ್ಲ. ಒಂದು ತುದಿಯಿಂದ ಎಲೆಕ್ಟ್ರಾನುಗಳನ್ನು ಭಾರಿ ಕರೆಂಟಿನ ಜೋರಿನಲ್ಲಿ ಓಡಿಸಿದರೆ ಇನ್ನೊಂದು ತುದಿಯ ಬಿಲ್ಲೆಯ ಮೇಲೆ ಹಸಿರು ಚುಕ್ಕಿ ಹೊಳೆಯುತ್ತಿತ್ತು. ಬಿಲ್ಲೆಯ ನಡುವೆ ಒಂದು ಕಪ್ಪು ಗುರುತು. ಚುಕ್ಕಿ ಅದರ ಮೇಲೆ ಕೂರಬೇಕು. ಅದು ಕೂರುತ್ತಿರಲಿಲ್ಲ. ಕೊಳವೆಯ ಅಕ್ಕಪಕ್ಕದ ತಂತಿ ಸುರುಳಿಗಳಿಗೆ ಕರೆಂಟು ಹೆಚ್ಚುಕಮ್ಮಿ ಮಾಡಿ ನಾವು ಅದನ್ನು ಎಳೆದು ತರಬೇಕಿತ್ತು.

ಆ ಕರೆಂಟಿನ ತಿರುಪು ತಿರುಗಿಸುವವರು ನಮ್ಮ ಡಾಕ್ಟರು. ಮದ್ದು ಕೊಡುವ ಡಾಕ್ಟರಲ್ಲ, ವಿಲಾಯತಿಯಲ್ಲಿ ಓದಿ ಬಂದವರು, ಆ ಯಂತ್ರವನ್ನು ತಾವೇ ನಿಂತು ಕಟ್ಟಿಸಿದವರು. ಗಾಜಿನ ಕಿಂಡಿಯಲ್ಲಿ ಇಣುಕಿ, "ಎಡಕ್ಕೆ ಸಾರ್, ಇನ್ನೊಂಚೂರು, ಅಯ್ಯೋ ಜಾಸ್ತಿ ಆಯ್ತು" ಎನ್ನುವವನು ಮೆಕ್ಯಾನಿಕ್ಕು, ಅಂದರೆ ನಾನು. ಸಮಿತಿ ಬಂದು ನೋಡುತ್ತದೆ, ಚುಕ್ಕಿ ನೆಟ್ಟಗೆ ನಿಲ್ಲದಿದ್ದರೆ ಯಂತ್ರವನ್ನು ಕಲ್ಕತ್ತೆಗೆ ಸಾಗಿಸುತ್ತೇವೆ ಎಂದು ದೆಹಲಿಯಿಂದ ಹೇಳಿ ಕಳಿಸಿದ್ದರು. ಅದು ಹೋದರೆ ಡಾಕ್ಟರ ಜೀವಮಾನದ ಕೆಲಸ ಹೋದ ಹಾಗೆ. ನನ್ನ ಅನ್ನವೂ ಅದರ ಜೊತೆಗೇ ರೈಲು ಹತ್ತುತ್ತಿತ್ತು.

ಮಾವನವರ ವಿಚಾರಣೆ

ಕೆಂಗೇರಿಯಿಂದ ಮಾವನವರು ಬಂದಿದ್ದರು. ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು, "ಅಳಿಯಂದಿರೇ, ನಿಮ್ಮ ಕೆಲಸ ಏನು ಅಂತ ನಂಗೊಂದ್ಸಲ ಸರಿಯಾಗಿ ಹೇಳಿ" ಎಂದರು.

"ಒಂದು ಚುಕ್ಕಿ ಇದೆ ಮಾವ. ಅದು ಪಕ್ಕಕ್ಕೆ ಹೋಗುತ್ತೆ. ನಡುವೆ ತರ್ತೀವಿ."

"ಯಾರು ಪಕ್ಕಕ್ಕೆ ತಳ್ಳೋದು?"

"ಯಾರೂ ಇಲ್ಲ. ಅದೇ ಹೋಗುತ್ತೆ."

"ನಡುವೆ ತಂದ್ಮೇಲೆ?"

"ಮತ್ತೆ ಹೋಗುತ್ತೆ."

ಮಾವನವರು ಎದ್ದು ಹೋಗಿ ಎಲೆ ಅಡಿಕೆ ಉಗಿದು ಬಂದರು. ಆಮೇಲೆ ಊರಿಗೆ ಹೋಗಿ ಎಲ್ಲರಿಗೂ ಅಳಿಯ ಕರೆಂಟ್ ಆಫೀಸಿನಲ್ಲಿದ್ದಾನೆ ಎಂದು ಹೇಳಿಬಿಟ್ಟರು. ಮಗಳ ಮಾನ ಉಳಿಯಬೇಕಲ್ಲ. ಅವತ್ತಿನಿಂದ ಕೆಂಗೇರಿಯಲ್ಲಿ ದೀಪ ಆರಿದಾಗೆಲ್ಲ ಅಲ್ಲಿಯವರು ನನ್ನನ್ನೇ ಬೈಯುತ್ತಿದ್ದರು.

ರಾಗಿ ಮಿಷನ್ನು

ಚುಕ್ಕಿ ಇದ್ದಕ್ಕಿದ್ದಂತೆ ಕೆಳಗೆ ಬೀಳಲು ಶುರುಮಾಡಿತು. ಹುಡುಕಿ ಹುಡುಕಿ ಸಾಕಾದ ಮೇಲೆ ಗೊತ್ತಾಯಿತು, ಗೋಡೆಯಾಚೆ ಹೊಸದಾಗಿ ರಾಗಿ ಬೀಸುವ ಮಿಷನ್ ಹಾಕಿದ್ದಾರೆ. ಅದು ಶುರುವಾದರೆ ನಮ್ಮ ಕರೆಂಟು ಕುಗ್ಗುತ್ತಿತ್ತು. ಮಿಷನ್ನಿನ ಯಜಮಾನರು ಹೆಗ್ಗನಹಳ್ಳಿ ಕಡೆಯ ಗೌಡರು. ಡಾಕ್ಟರು ಅವರ ಹತ್ತಿರ ಹೋಗಿ ಕೈ ಮುಗಿದು, ಸ್ವಲ್ಪ ಹೊತ್ತು ನಿಲ್ಲಿಸಬಹುದೇ ಎಂದು ಕೇಳಿದರು.

"ನಿಮ್ಮ ಮಿಷನ್ ಏನ್ ಬೀಸ್ತದೆ ಸಾರ್?" ಗೌಡರು ಕೇಳಿದರು.

"ಏನೂ ಬೀಸಲ್ಲ."

"ಏನೂ ಬೀಸ್ದೇ ಇರೋ ಮಿಷನ್ನಿಗೋಸ್ಕರ ಬೀಸೋ ಮಿಷನ್ ನಿಲ್ಸಬೇಕಾ? ಜನ ಮುದ್ದೆ ತಿನ್ನೋದು ಬ್ಯಾಡ್ವಾ?"

ಡಾಕ್ಟರು ನನ್ನ ಮುಖ ನೋಡಿದರು. ನಾನೂ ಮುದ್ದೆ ತಿನ್ನುವವನೇ. ಕೊನೆಗೆ ರಾಜಿಯಾಯಿತು. ಮಿಷನ್ ಶುರುಮಾಡುವ ಮುಂಚೆ ಗೌಡರು ಗೋಡೆ ಮೇಲಿಂದ, "ಹಾಕ್ತಾ ಇದೀನಿ ಸಾರ್" ಎಂದು ಕೂಗುತ್ತಿದ್ದರು, ಡಾಕ್ಟರು ತಿರುಪು ಏರಿಸುತ್ತಿದ್ದರು. ನಮ್ಮ ಶೆಡ್ಡಿನ ವಿಲಾಯತಿ ಮೀಟರುಗಳು ಆಗಾಗ ಸುಳ್ಳು ಹೇಳಿದ್ದುಂಟು, ಗೌಡರ ಗಂಟಲು ಒಂದು ದಿನವೂ ಹೇಳಲಿಲ್ಲ.

ಆಯುಧಪೂಜೆಯ ಮಾರನೇ ವಾರ

ಆಯುಧಪೂಜೆಗೆ ಯಂತ್ರಕ್ಕೂ ಪೂಜೆಯಾಯಿತು. ಸೇವಂತಿಗೆ ಹಾರ, ವಿಭೂತಿ, ಬೂದುಗುಂಬಳ, ಯಾವುದಕ್ಕೂ ಕಡಿಮೆಯಿಲ್ಲ. ರಜೆ ಮುಗಿಸಿ ಬಂದು, ದೀಪ ಆರಿಸಿ, ಕೆಲಸ ಶುರುಮಾಡಿದೆವು. ನಾನು ಇಣುಕಿ ಚುಕ್ಕಿಯನ್ನು ಕಪ್ಪು ಗುರುತಿನ ಮೇಲೆ ಕೂರಿಸಿದೆ. ಡಾಕ್ಟರು ಬಂದು ಇಣುಕಿದರು.

"ಎಲ್ಲಯ್ಯಾ ನಡುವೆ? ಮೇಲಿದೆ."

ಸರಿಮಾಡಿದರು. ನಾನು ನೋಡಿದೆ. "ಈಗ ಕೆಳಗೆ ಹೋಯ್ತು ಸಾರ್."

"ನಿಂಗೆ ಕಣ್ಣು ಕಾಣುತ್ತೇನಯ್ಯಾ?"

ಮಧ್ಯಾಹ್ನದವರೆಗೂ ಇದೇ ಆಯಿತು. ಇಬ್ಬರೂ ಮಾತು ಬಿಟ್ಟೆವು. ಆಮೇಲೆ ದೀಪ ಹಾಕಿದಾಗ ನೋಡಿದರೆ, ಕಿಂಡಿಯ ಗಾಜಿನ ಮೇಲೆ ಪುರೋಹಿತರು ಇಟ್ಟ ಕುಂಕುಮ. ಕತ್ತಲಲ್ಲಿ ಅದೇ ಕಪ್ಪಗೆ ಕಂಡು ಅದನ್ನೇ ಗುರುತು ಎಂದುಕೊಂಡಿದ್ದೆವು. ಡಾಕ್ಟರು ಆರಡಿ ಎತ್ತರ, ನಾನು ಅವರ ಭುಜಕ್ಕೆ ಬರುತ್ತಿದ್ದೆ. ಅವರು ಮೇಲಿನಿಂದ, ನಾನು ಕೆಳಗಿನಿಂದ ನೋಡಿದಾಗ ಅದು ಒಬ್ಬೊಬ್ಬರಿಗೆ ಒಂದೊಂದು ಕಡೆ ಕಾಣುತ್ತಿತ್ತು.

"ಒರೆಸು" ಎಂದರು.

"ನೀವು ದೊಡ್ಡೋರು, ನೀವೇ ಒರೆಸಿ ಸಾರ್."

ಅವರು ಕರವಸ್ತ್ರ ತೆಗೆದು ಮತ್ತೆ ಜೇಬಿಗಿಟ್ಟರು. ಇಟ್ಟವರೇ ತೆಗೆಯಲಿ ಎಂದು ಪುರೋಹಿತರಿಗೆ ಹೇಳಿ ಕಳಿಸಿದೆವು. ರಾಹುಕಾಲ ಕಳೆದ ಮೇಲೆ ಬರುತ್ತೇನೆ ಎಂದರು. ಅಲ್ಲಿಯವರೆಗೆ ವಿಜ್ಞಾನವೂ ನಾವಿಬ್ಬರೂ ಜಗಲಿಯ ಮೇಲೆ ಕೂತು ಕಾದೆವು.

ದೆಹಲಿಯವರು ಕೂತದ್ದು

ಕೊನೆಗೂ ದೆಹಲಿಯ ಸಮಿತಿ ಬರುವ ದಿನ ಬಂತು. ಅಷ್ಟರಲ್ಲಿ ಚುಕ್ಕಿ ಎಡಕ್ಕೆ ಹೆಬ್ಬೆರಳಿನಷ್ಟು ಸರಿದು ಕೂತಿತ್ತು. ತಿರುಪು ಪೂರ್ತಿ ತಿರುಗಿಸಿದರೂ ಬರುತ್ತಿರಲಿಲ್ಲ. ಡಾಕ್ಟರು ಊಟ ಬಿಟ್ಟಿದ್ದರು.

ಸಮಿತಿಯ ಹಿರಿಯರು ಬಂದರು. ಅವರಿಗೆಂದು ಶಾಮಿಯಾನದ ಅಂಗಡಿಯಿಂದ ಮಡಿಸುವ ಕಬ್ಬಿಣದ ಕುರ್ಚಿ ತರಿಸಿ ಕೊಳವೆಯ ಬಲಪಕ್ಕ ಹಾಕಿದ್ದೆವು. ಉಪ್ಪಿಟ್ಟು, ಕಾಫಿ ಆಯಿತು. ದೀಪ ಆರಿಸಿದೆವು. ಚುಕ್ಕಿ ಎಡಕ್ಕೇ ಇತ್ತು.

ಅಷ್ಟರಲ್ಲಿ ಅಧ್ಯಕ್ಷರು ಚೆನ್ನಾಗಿ ಕಾಣಲಿ ಎಂದು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಚುಕ್ಕಿಯೂ ಬಲಕ್ಕೆ ಸರಿಯಿತು.

ಡಾಕ್ಟರು ನನ್ನ ಕಿವಿಯಲ್ಲಿ, "ಕಬ್ಬಿಣ ಕಣಯ್ಯಾ. ಕುರ್ಚಿ ಎಳೀತಿದೆ" ಎಂದರು. ಆಮೇಲೆ ಬಹಳ ವಿನಯದಿಂದ, ಇನ್ನೂ ಸ್ವಲ್ಪ ಹತ್ತಿರ ಬಂದರೆ ಚೆನ್ನಾಗಿ ಕಾಣುತ್ತದೆ ಎಂದು ಅಧ್ಯಕ್ಷರಿಗೆ ಇಂಗ್ಲಿಷಿನಲ್ಲಿ ಬಿನ್ನವಿಸಿಕೊಂಡರು. ಅಧ್ಯಕ್ಷರು ಸರಿದರು. ನಾನು ಕನ್ನಡದಲ್ಲಿ, "ಬರ್ತಾ ಇದೆ ಸಾರ್, ಇನ್ನೊಂಚೂರು ತಳ್ಳಿ" ಎಂದೆ. ಡಾಕ್ಟರು ಕುರ್ಚಿಯ ಬೆನ್ನು ಹಿಡಿದು, ಅಧ್ಯಕ್ಷರನ್ನು ಕೂತ ಹಾಗೇ ನಿಧಾನವಾಗಿ ನೂಕಿದರು. ಚುಕ್ಕಿ ಗುರುತಿನ ಮೇಲೆ ಬಂದು ಕೂತಿತು.

"ಹೀಗೇ ನಿಲ್ಲುತ್ತದೆಯೇ?" ಅಧ್ಯಕ್ಷರು ಕೇಳಿದರು.

ಡಾಕ್ಟರಿಗೆ ಸುಳ್ಳು ಬರುತ್ತಿರಲಿಲ್ಲ. "ತಾವು ಏಳದೆ ಇದ್ದರೆ ನಿಲ್ಲುತ್ತದೆ" ಎಂದರು. ಎಲ್ಲರೂ ಅದನ್ನು ಮರ್ಯಾದೆಯ ಮಾತು ಎಂದುಕೊಂಡು ತಲೆದೂಗಿದರು.

ಯಂತ್ರ ಬೆಂಗಳೂರಿನಲ್ಲೇ ಇರಲಿ ಎಂದು ಅಪ್ಪಣೆಯಾಯಿತು. ಡಾಕ್ಟರು ಕಣ್ಣೀರು ಹಾಕಿದರು, ನಾನೂ ಹಾಕಿದೆ. ಕುರ್ಚಿಗಳನ್ನು ಅಂಗಡಿಯವನಿಂದ ಕೊಂಡುಕೊಂಡು, ಕಾಲಿನ ಸುತ್ತ ಸೀಮೆಸುಣ್ಣದ ಗೆರೆ ಹಾಕಿ, ಯಾರೂ ಮುಟ್ಟದ ಹಾಗೆ ನೋಡಿಕೊಂಡೆವು.

ಆಮೇಲೊಂದು ಬೆಳಗ್ಗೆ ಶೆಡ್ಡಿನ ಮುಂದೆ ಲಾರಿ ಬಂದು ನಿಂತಿತು. ತುಂಬ ತೇಗದ ಕುರ್ಚಿಗಳು. ಕಬ್ಬಿಣದ ಕುರ್ಚಿಯಲ್ಲಿ ಅಧ್ಯಕ್ಷರಿಗೆ ಸೊಂಟ ಹಿಡಿದಿತ್ತಂತೆ. ಅವನ್ನೆಲ್ಲ ತೆಗೆದುಹಾಕಿ ಇವನ್ನು ಹಾಕಬೇಕಂತೆ, ಬರುವ ತಿಂಗಳು ಮಂತ್ರಿಗಳನ್ನೇ ಕರೆತಂದು ಅದೇ ಜಾಗದಲ್ಲಿ ಕೂರಿಸಿ ಚುಕ್ಕಿ ತೋರಿಸುತ್ತಾರಂತೆ.

ಡಾಕ್ಟರು ಒಂದು ತೇಗದ ಕುರ್ಚಿಯನ್ನು ತಲೆಕೆಳಗೆ ಮಾಡಿ, ಅದರ ಕಾಲುಗಳನ್ನು ತಟ್ಟಿ ನೋಡಿದರು, ಕಬ್ಬಿಣದ ಒಂದು ಮೊಳೆಯೂ ಇರಲಿಲ್ಲ.

"ಮಾಗಡಿ ರಸ್ತೆಯಲ್ಲಿ ಎತ್ತಿಗೆ ಲಾಳ ಹೊಡೆಯೋನು ಇದಾನಲ್ಲ," ಎಂದರು, "ಹೋಗಿ ಕರ್ಕೊಂಡ್ ಬಾರಯ್ಯಾ."