ಯಜಮಾನರ ನಿವೃತ್ತಿ

“ಇವತ್ತು ಸಂಜೆಯೊಳಗೆ ಹಳೇ ಕಂಪ್ಯೂಟರಿಂದ ಹೊಸದಕ್ಕೆ ಸಂಸಾರ ಸಾಗಿಸ್ತೀನಿ. ರಿಪೇರಿಯವನೂ ಬೇಡ, ಯಾರ ಸಹಾಯವೂ ಬೇಡ!” ಎಂದು ಊಟದ ಮೇಜು ಗುದ್ದಿ ಘೋಷಿಸಿದೆ.

“ಗುದ್ದಬೇಡಿ, ಮೊದಲೇ ಅದರ ಕಾಲು ಅಲ್ಲಾಡ್ತಿದೆ” ಎಂದಳು ಹೆಂಡತಿ. ಮಹಾಪುರುಷರ ಘೋಷಣೆಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ!

ನಾನು ಮನೆಗಳ ಪ್ಲಾನ್ ಬರೆಯುವವನು. ನಾನು ಬರೆದ ಮನೆಗಳೆಲ್ಲ ಹುಟ್ಟಿದ್ದು ಆ ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲೇ. ಅದರ ಅಳಿಸುವ ಕೀ ಉದುರಿಹೋಗಿ, ಆ ಗುಂಡಿಗೆ ಬೆಂಕಿಕಡ್ಡಿಯಿಂದ ಚುಚ್ಚಬೇಕಿತ್ತು. ಬ್ಯಾಟರಿ ಸತ್ತು ಯಾವ ಕಾಲವಾಯಿತೋ, ವೈರು ಚೂರು ಸಡಿಲವಾದರೂ ಪ್ರಾಣ ಹೋಗುತ್ತಿತ್ತು. ಫ್ಯಾನು ಕೂಗಿದರೆ ಪಕ್ಕದ ಮನೆಯಾಕೆ ಕುಕ್ಕರ್ ಇಳಿಸಲು ಓಡುತ್ತಿದ್ದರು! ಆದರೂ ಅದೆಂದರೆ ನನಗೆ ಜೀವ. ಬಿಸಿಯೇರಿದರೆ ಕೂತು ಬೀಸಣಿಗೆ ಬೀಸುತ್ತಿದ್ದೆ. “ಈ ಮನೆಗೆ ಯಜಮಾನರು ಅದೇ. ನೀವು ಬರೀ ಸೇವಕರು” ಎಂದು ಹೆಂಡತಿ ಒಮ್ಮೆ ಅಂದಿದ್ದಳು. ಅಂದಿನಿಂದ ಅದಕ್ಕೆ ಯಜಮಾನರೆಂದೇ ಹೆಸರು.

ಹೊಸದನ್ನು ಪಕ್ಕದಲ್ಲಿಟ್ಟು ವೈರು ಜೋಡಿಸಿದೆ. ಸದ್ದಿಲ್ಲ, ಸುದ್ದಿಯಿಲ್ಲ. ಉಸಿರಾಡುತ್ತಿದೆಯೋ ಇಲ್ಲವೋ ಎಂದು ಕಿವಿಯಿಟ್ಟು ಕೇಳಿದೆ! ಫೈಲುಗಳು ಇರುವೆ ಸಾಲಿನಂತೆ ಹೊರಟವು. ಸಂಜೆ ಹಲ್ಲಿನ ಡಾಕ್ಟರು ಬರುವವರಿದ್ದರು. ಅವರ ಹೊಸ ಮನೆಯ ಪ್ಲಾನ್ ಆ ಸಾಲಿನ ಕಟ್ಟಕಡೆಯಲ್ಲಿತ್ತು. ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಅತ್ತೆ ಮಿಕ್ಸಿ ತಿರುಗಿಸಿದರು. ಯಜಮಾನರ ಪರದೆ ಪಟಪಟನೆ ಕಣ್ಣು ಮಿಟುಕಿಸಿತು!

“ನಿಲ್ಸಿ! ನಿಲ್ಸಿ!”

“ಮಸಾಲೆ ಅರ್ಧ ಅರೆದಿದೆ ಅಳಿಯಂದ್ರೇ...”

“ಮಸಾಲೆ ಮುಖ್ಯವೋ, ಯಜಮಾನರ ಪ್ರಾಣ ಮುಖ್ಯವೋ?”

ಅತ್ತೆ ಜಾರ್ ಎತ್ತಿಕೊಂಡು ಪಕ್ಕದ ಮನೆಗೆ ಅರೆಯಲು ಹೋದರು. ನಾನು ಬಾಗಿಲು ಹಾಕಿಕೊಂಡು ಸೀದಾ ಬಟ್ಟೆ ಒಗೆಯುವ ಮಷಿನ್ ನಿಲ್ಲಿಸಿದೆ. ಬಟ್ಟೆಗಳು ಸೋಪಿನ ನೊರೆಯಲ್ಲೇ ಧ್ಯಾನಕ್ಕೆ ಕೂತವು. ಮಗಳ ಕೈಯಿಂದ ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡೆ.

“ಅಪ್ಪಾ, ಇಂಟರ್‌ವ್ಯೂಗೆ ನನ್ನ ಬಲಗೈ ಒಂದನ್ನೇ ಕಳಿಸ್ಲಾ?” ಎಂದು ಅವಳು ಒಂದು ತೋಳು ಮಾತ್ರ ಇಸ್ತ್ರಿಯಾದ ಅಂಗಿ ಎತ್ತಿ ತೋರಿಸಿದಳು.

“ನೋಡಿದ್ರಾ?” ಎಂದಳು ಹೆಂಡತಿ. “ಅಳಿಸೋ ಕೀ ಬಿದ್ದುಹೋದ್ರೂ ಮನೆಯವರನ್ನ ಅಳಿಸೋದು ಮಾತ್ರ ಬಿಟ್ಟಿಲ್ಲ ನಿಮ್ಮ ಯಜಮಾನರು!”

ಆಗಲೇ ಕರೆಗಂಟೆ ಹೊಡೆಯಿತು. ಪರದೆ ಮಿಟುಕಿತು. ಮತ್ತೆ ಹೊಡೆಯಿತು. ಮತ್ತೆ ಮಿಟುಕಿತು.

“ಯಾರೋ ಬಂದಿದ್ದಾರೆ ರೀ...”

“ಡಾಕ್ಟರೇ ಕಣೇ! ತೆಗೀಬೇಡ!” ಎಂದು ಪಿಸುಗುಟ್ಟಿದೆ. ಹೊರಗಿನವರೋ, ಗಂಟೆಯ ಮೇಲಿನ ಬೆರಳನ್ನೇ ತೆಗೆಯಲೊಲ್ಲರು! ನನ್ನ ತಲೆ ಕೆಟ್ಟಿತು. ಗಂಟೆಯ ಕತ್ತನ್ನೇ ಹಿಚುಕುತ್ತೇನೆಂದು ಮೀಟರ್ ಬೋರ್ಡಿಗೆ ಓಡಿ, ಕೈಗೆ ಸಿಕ್ಕ ಸ್ವಿಚ್ಚನ್ನು ಕೆಳಗೆ ಎಳೆದೆ.

ಗಂಟೆ ನಿಂತಿತು. ಫ್ಯಾನು ನಿಂತಿತು. ಫ್ರಿಜ್ ನಿಂತಿತು. ನಾನು ಎಳೆದದ್ದು ಇಡೀ ಮನೆಯ ಮೇನ್ ಸ್ವಿಚ್!

ಒಂದೇ ನೆಗೆತಕ್ಕೆ ಕೋಣೆಗೆ ಬಂದೆ. ಯಜಮಾನರು ಕಣ್ಣು ಮುಚ್ಚಿದ್ದರು. ಮಗಳು ಸ್ವಿಚ್ ಮೇಲೆತ್ತಿದಳು. ಕರೆಂಟು ಬಂತು, ಅವರು ಬರಲಿಲ್ಲ. ಒತ್ತಿದೆ, ಒರೆಸಿದೆ, ಬೆನ್ನು ತಟ್ಟಿದೆ, ಕೊನೆಗೆ ಕೈಮುಗಿದೆ. ಊಹೂಂ! ಹೊಸದನ್ನು ನೋಡಿದರೆ, ಡಾಕ್ಟರ ಮನೆ ಬಂದೇ ಇರಲಿಲ್ಲ. ನೆಲದ ಮೇಲೆ ಕುಸಿದು ಕೂತೆ. ತಿಂಗಳುಗಟ್ಟಲೆ ಕಣ್ಣು ಕೆಂಪಗಾಗಿಸಿಕೊಂಡು ಬರೆದ ಮನೆ!

ಹೆಂಡತಿ ಮೆಲ್ಲಗೆ ಪಕ್ಕದಲ್ಲಿ ಕೂತಳು. “ಆ ಪ್ಲಾನ್ ತಾನೇ? ನನ್ನ ಮೊಬೈಲಲ್ಲಿದೆ. ಹೊತ್ತುಹೊತ್ತಿಗೂ ‘ಹೇಗಿದೆ ನೋಡು’ ಅಂತ ಕಳಿಸ್ತಿದ್ರಲ್ಲ, ಎಲ್ಲಾ ಹಾಗೇ ಇದೆ.”

ನನಗೆ ಹೋದ ಜೀವ ಬಂತು. “ಎಲ್ಲಾನೂ ಜೋಪಾನ ಮಾಡಿದ್ಯಾ!”

“ಜೋಪಾನ ಏನು ಬಂತು, ಒಂದನ್ನೂ ತೆರೆದು ನೋಡಿಲ್ಲ.”

“ಮತ್ತೆ ‘ಅದ್ಭುತ’ ಅಂತ ಉತ್ತರ ಬರ್ತಿತ್ತಲ್ಲ?”

“ಅದನ್ನ ಹೇಳೋಕೆ ತೆರೀಬೇಕಾ ರೀ?”

ಈ ಪೆಟ್ಟಿನಿಂದ ಸುಧಾರಿಸಿಕೊಳ್ಳುವ ಮೊದಲೇ ಬಾಗಿಲ ಮೇಲೆ ದಬದಬ ಬಡಿತ. ಮಗಳು ಹೋಗಿ ತೆರೆದಳು. ಡಾಕ್ಟರಲ್ಲ! ಮಸಾಲೆಯ ಜಾರ್ ಹಿಡಿದ ಅತ್ತೆ! ಅಷ್ಟು ಹೊತ್ತೂ ಗಂಟೆ ಒತ್ತುತ್ತಾ ನಿಂತಿದ್ದವರು ಅವರೇ.

ಅತ್ತೆ ನನ್ನತ್ತ ನೋಡಲೇ ಇಲ್ಲ. ಹೆಂಡತಿ ಪ್ಲಾನ್ ತೆರೆದು ಹಿಡಿದಿದ್ದ ಮೊಬೈಲಿಗೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. “ಇದು ಹಾಲ್... ಇದು ಮಲಗೋ ಕೋಣೆ... ಇದು ಅಡುಗೆಮನೆ. ಅಲ್ಲ ಕಣೇ, ನಾಲ್ಕೂ ಕಡೆ ಗೋಡೆ! ಇದಕ್ಕೆ ಬಾಗಿಲೆಲ್ಲಿ?”

ನಾನು ಬಗ್ಗಿ ನೋಡಿದೆ. ಬಾಗಿಲು ಇರಲಿಲ್ಲ!

“ಹೋಗ್ಲಿ ಬಿಡೇ,” ಎಂದರು ಅತ್ತೆ, ಜಾರ್ ಸಮೇತ ಅಡುಗೆಮನೆಯತ್ತ ನಡೆಯುತ್ತಾ. “ಹೊರಗೆ ನಿಂತಿರೋ ಅತ್ತೆಗೇ ಬಾಗಿಲು ತೆಗೀದೋರು, ಊರೋರ ಅಡುಗೆಮನೆಗೆ ಎಲ್ಲಿ ಬಾಗಿಲು ಇಡ್ತಾರೆ!”